ಬೋಟು ಇಳಿಸಲು ಜಾಗ ಬೇಕಾಗಿದೆ

ಗೋಕಾಕದ ಬಟ್ಟೆ ವ್ಯಾಪಾರಿಗಳಲ್ಲಿ ಸ್ವಂತ ಬೋಟು ಇಟ್ಟುಕೊಂಡವನು ನಮ್ಮ ಕಾಕಾ ಒಬ್ಬನೇ. ಬೋಟು ಇಟ್ಟುಕೊಂಡೂ ನೀರು ಕಂಡರೆ ಹತ್ತು ಮಾರು ದೂರ ನಿಲ್ಲುವವನೂ ಅವನೊಬ್ಬನೇ! ಊರ ಪಕ್ಕದಲ್ಲೇ ಫಾಲ್ಸ್ ಇದೆ. ಎಲ್ಲೆಲ್ಲಿಂದಲೋ ಜನ ಬಂದು ಅದರ ಎದುರು ನಿಂತು ಮೈ ತೋಯಿಸಿಕೊಂಡು ಹೋಗುತ್ತಾರೆ. ಕಾಕಾ ಮಾತ್ರ ಹುಟ್ಟೂರಿನ ಫಾಲ್ಸನ್ನು ಕ್ಯಾಲೆಂಡರಿನಲ್ಲಿ ನೋಡಿ ತೃಪ್ತಿಪಟ್ಟವನು. ಮಳೆಗಾಲದಲ್ಲಿ ಓಣಿಯೊಳಗೆ ಒಂದು ಗುಂಡಿ ತುಂಬಿದ್ದರೆ ಸಾಕು, ಅಂಗಡಿಯಿಂದ ಮನೆಗೆ ಬರಲು ಬೇರೆ ಓಣಿ ಹಿಡಿಯುತ್ತಾನೆ. ಬಿಳಿ ಧೋತರ, ಬಿಳಿ ನೆಹರೂ ಅಂಗಿ, ಕರಿ ಟೊಪ್ಪಿಗೆ. ಇದರ ಮೇಲೆ ಒಂದು ಹನಿ ಬಿದ್ದರೂ ಆ ದಿನದ ವ್ಯಾಪಾರ ಕೆಟ್ಟಿತೆಂದೇ ಲೆಕ್ಕ. ಇಂಥವನು ಗಾಳಿ ತುಂಬುವ ರಬ್ಬರ್ ಬೋಟು ತರಿಸಿದ ಎಂದರೆ ನೀವು ನಂಬುತ್ತೀರಾ? ನಾನೂ ನಂಬಿರಲಿಲ್ಲ. ಅದರ ಕಾಲಿನ ಪಂಪನ್ನು ತಂದು ನನ್ನ ಕಾಲ ಬುಡದಲ್ಲಿ ಇಟ್ಟ ಮೇಲೆ ನಂಬಬೇಕಾಯಿತು.

ಇದಕ್ಕೆಲ್ಲ ಕಾರಣ ಅವನ ಹೆಂಡತಿ, ನಮ್ಮ ಕಾಕು. ಅವಳ ತವರೂರು ಹುಕ್ಕೇರಿ ಕಡೆ ಹೊಳೆಯ ದಂಡೆಯ ಮೇಲಿತ್ತು. ಇತ್ತು ಎಂದೇ ಹೇಳಬೇಕು, ಯಾಕೆಂದರೆ ಅವಳ ಮದುವೆಯಾದ ಸ್ವಲ್ಪ ದಿನಕ್ಕೆ ಹಿಡಕಲ್ ಜಲಾಶಯ ತುಂಬಿ ಊರಿಗೆ ಊರೇ ನೀರಿನ ಕೆಳಗೆ ಹೋಯಿತು. ತವರಿನವರು ದಿಕ್ಕಿಗೊಬ್ಬರಾದರು, ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಓಣಿಯ ಹೆಂಗಸರೆಲ್ಲ ಉಂಡಿಯ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿನತ್ತ ನಡೆಯುವಾಗ ಕಾಕು ಬಾಗಿಲಲ್ಲಿ ನಿಂತು ಎಲ್ಲರನ್ನೂ ಕಳಿಸಿಕೊಡುತ್ತಿದ್ದಳು. ನಿನ್ನ ತವರಿಗೆ ಬಸ್ಸು ಹೋಗುವುದಿಲ್ಲ ಬಿಡು ಎಂದು ಕಾಕಾ ಪ್ರತಿವರ್ಷ ಚೇಷ್ಟೆ ಮಾಡುವನು, ಅವಳು ನಕ್ಕು ಒಳಗೆ ಹೋಗುವಳು. ಹೋದ ವರ್ಷದ ಪಂಚಮಿಗೆ ಮಾತ್ರ ಅವಳು ನಗಲಿಲ್ಲ.

"ಹಂಗಾರ ಬೋಟ ತರ್ರಿ" ಎಂದಳು.

ತಂದೇಬಿಟ್ಟ! ಬರುವ ಪಂಚಮಿಗೆ ಹೆಂಡತಿಯನ್ನು ಬೋಟಿನಲ್ಲಿ ಕೂರಿಸಿ ತವರಿಗೆ ಕರೆದೊಯ್ಯುವುದೆಂದು ನಿರ್ಧಾರವೂ ಆಯಿತು. ಕಾಕು ಬೋಟನ್ನು ಒಂದು ಸುತ್ತು ಹಾಕಿ ನೋಡಿ ತನ್ನ ಷರತ್ತು ಹೇಳಿದಳು. ಹತ್ತುವಾಗ ಕಾಲಿಗೆ ರಾಡಿ ಮೆತ್ತಬಾರದು, ಸೀರೆಯ ಅಂಚು ತೋಯಬಾರದು, ಮಂದಿ ನಿಂತು ನೋಡಬಾರದು. ನೀವೇ ಹೇಳಿ, ನಮ್ಮ ಎರೆಮಣ್ಣಿನ ಸೀಮೆಯಲ್ಲಿ ನೀರಿದ್ದಲ್ಲಿ ರಾಡಿ ಇಲ್ಲದೆ ಇರುತ್ತದೆಯೇ? ರಾಡಿ ಇಲ್ಲದಂತೆ ಕಲ್ಲು ಹಾಕಿದ ಘಾಟಿನಲ್ಲಿ ಮಂದಿ ಇಲ್ಲದೆ ಇರುತ್ತಾರೆಯೇ? ಬೋಟು ಕೊಳ್ಳುವುದು ಸುಲಭ. ಅದನ್ನು ಇಳಿಸುವ ಜಾಗವನ್ನು ಯಾರೂ ಮಾರುವುದಿಲ್ಲ.

ಜಾಗ ಹುಡುಕುವ ಕೆಲಸಕ್ಕೆ ಕಾಕಾ ನನ್ನನ್ನೇ ಹಿಡಿದದ್ದು ಯಾಕೆಂಬುದು ನನಗೆ ಬಗೆಹರಿಯದ ಪ್ರಶ್ನೆಯಾಗಿತ್ತು. ನನ್ನ ತಮ್ಮನ ಹತ್ತಿರ ದೊಡ್ಡ ಜೀಪಿದೆ, ಅವನಿಗೆ ಈಜೂ ಬರುತ್ತದೆ. ನನ್ನ ಹತ್ತಿರ ಇರುವುದು ಕೆಮ್ಮುವ ಹಳೆಯ ಕಾರು. ಮೂಡಲಗಿಯ ಶಾಲೆಯಲ್ಲಿ ವಾರವೆಲ್ಲ ಗಂಟಲು ಹರಿದುಕೊಂಡ ಮೇಲೆ ಸಿಗುವುದು ಒಂದು ರವಿವಾರ. ತಮ್ಮನನ್ನು ಕರೆದುಕೊಂಡು ಹೋಗು ಎಂದೆ. "ನೀನ ಬೇಕವ್ವಾ" ಎಂದ. ಯಾಕೆ ಎಂದರೆ ಟೊಪ್ಪಿಗೆ ಸರಿಮಾಡಿಕೊಂಡ. ಹೋಗುವವರು ಗಂಡ ಹೆಂಡತಿ ಇಬ್ಬರು, ಮೂವರು ಕೂರುವ ಬೋಟು ಯಾಕೆ ತಂದೆ ಎಂದು ಕೇಳಿದೆ. ಮತ್ತೆ ಟೊಪ್ಪಿಗೆ ಸರಿಮಾಡಿಕೊಂಡ. ಮೂರನೆಯ ಜಾಗ ಪಂಪು ಒತ್ತುವ ಆಳಿಗೆ ಎಂದು ನಾನೇ ತಿಳಿದುಕೊಂಡೆ.

ಒಮ್ಮೆಲೇ ಜಲಾಶಯಕ್ಕೆ ಇಳಿಯುವಷ್ಟು ಎದೆ ಯಾರಿಗಿದೆ? ಮೊದಲು ಸಣ್ಣ ನೀರಿನಲ್ಲಿ ಕೈ ಪಳಗಲಿ ಎಂದು ಒಂದು ರವಿವಾರ ಕೊಣ್ಣೂರಿನ ಹತ್ತಿರ ಹೊಳೆಗೆ ಹೋದೆವು. ಕಬ್ಬಿನ ಹೊಲಗಳ ನಡುವೆ ಕಾರು ಸಿಕ್ಕಿಬಿದ್ದು, ಎದ್ದು, ಅಂತೂ ದಂಡೆ ಮುಟ್ಟಿತು. ನಾನು ಪಂಪು ಒತ್ತುತ್ತಿದ್ದೆ. ಕಾಕಾ ನೆಹರೂ ಅಂಗಿಯ ಮೇಲೆ ಕೇಸರಿ ಬಣ್ಣದ ಲೈಫ್ ಜಾಕೆಟ್ಟು ತೊಟ್ಟು, ಕೈ ಹಿಂದೆ ಕಟ್ಟಿಕೊಂಡು, ಹೊಳೆಯನ್ನು ಗಂಭೀರವಾಗಿ ನೋಡುತ್ತಿದ್ದ. ಹೊಳೆ ದಂಡೆಯ ಮಂದಿ ರಬ್ಬರ್ ಬೋಟನ್ನು ಯಾವಾಗ ನೋಡಿರುತ್ತಾರೆ ಹೇಳಿ? ಮಹಾಪೂರ ಬಂದಾಗ ಮಾತ್ರ! ಎಮ್ಮೆ ಹೊಡೆದುಕೊಂಡು ಬಂದ ಅಜ್ಜಿಯೊಬ್ಬಳು ಡ್ಯಾಮಿನಿಂದ ನೀರು ಬಿಟ್ಟಿದ್ದಾರೆಯೇ ಎಂದು ಕೇಳಿದಳು. ಇಲ್ಲ ಎಂದ ಕಾಕಾ. ಹಾಗಾದರೆ ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಕೇಳಿದಳು.

ಅಜ್ಜಿ ಹೋಗಿ ಓಣಿಯಲ್ಲಿ ಏನು ಹೇಳಿದಳೋ! ಬೋಟು ಉಬ್ಬಿ ಮುಗಿಯುವಷ್ಟರಲ್ಲಿ ಮೇಲಿನ ಓಣಿಯಲ್ಲಿ ಗಾದಿ, ಕೊಡ, ಜೋಳದ ಚೀಲಗಳು ಟ್ರ್ಯಾಕ್ಟರ್ ಹತ್ತುತ್ತಿದ್ದವು. ನಾನು ಓಡಿಹೋಗಿ, ಏನೂ ಆಗಿಲ್ಲ, ಯಾರೂ ಗಾಬರಿಯಾಗಬೇಡಿ ಎಂದು ಕೈಮುಗಿದು ಹೇಳಿದೆ. ಆಗ ಅಲ್ಲಿಯವರೆಗೆ ಸುಮ್ಮನಿದ್ದ ಮನೆಗಳವರೂ ಗಂಟು ಕಟ್ಟತೊಡಗಿದರು. ಹೋದ ಸಲ ಹೊಳೆ ಬಂದಾಗಲೂ ಮೊದಲು ಯಾರೋ ಬಂದು ಗಾಬರಿಯಾಗಬೇಡಿ ಎಂದೇ ಹೇಳಿ ಹೋಗಿದ್ದರಂತೆ! ಕೊನೆಗೆ ಎಲ್ಲರ ಕಣ್ಣೆದುರಿಗೆ ಬೋಟಿನ ಗಾಳಿ ಬಿಟ್ಟು ಮಡಚಿದ ಮೇಲೆ ಟ್ರ್ಯಾಕ್ಟರಿನಿಂದ ಗಾದಿಗಳು ಇಳಿದವು.

ಹೊಳೆಯ ಸಹವಾಸ ಬೇಡ, ಕಾಲುವೆ ನೆಟ್ಟಗೆ ಹೋಗುತ್ತದೆ, ದಂಡೆಗಳೂ ಕೈಗೆಟಕುವಂತಿವೆ ಎಂದು ಕಾಕಾ ಮುಂದಿನ ರವಿವಾರ ಮೂಡಲಗಿ ಕಡೆಯ ಕಾಲುವೆಗೆ ನಡೆದ. ಬಟ್ಟೆ ಒಗೆಯುವ ಮೆಟ್ಟಿಲ ಹತ್ತಿರ ಬೋಟು ಇಳಿಯಿತು. ಕಾಕಾ ಅದರಲ್ಲಿ ಛತ್ರಿ ಬಿಚ್ಚಿ ಕುಳಿತ. ಬೋಟಿನ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ನಾನು ದಂಡೆಯ ಮೇಲೆ ನಡೆದೆ. ಕಾಲುವೆಗೆ ಪೈಪು ಇಳಿಬಿಟ್ಟು ಕದ್ದು ನೀರೆತ್ತುವ ಮೋಟಾರುಗಳು ಆ ಕಡೆ ಎಷ್ಟಿವೆಯೆಂದು ನನಗೆ ಅಂದೇ ಗೊತ್ತಾಗಿದ್ದು. ಟೊಪ್ಪಿಗೆ ಹಾಕಿದ ಸಾಹೇಬರು ಬೋಟಿನಲ್ಲಿ, ಕಣ್ಣಿಗೆ ಚಾಳೀಸು ಹಾಕಿದ ಮೇಡಮ್ಮು ದಂಡೆಯ ಮೇಲೆ. ಇದು ತಪಾಸಣೆ ಅಲ್ಲದೆ ಮತ್ತೇನು? ನಾವು ಮುಂದೆ ಹೋದ ಹಾಗೆ ಪೈಪುಗಳು ಒಂದೊಂದಾಗಿ ಮೇಲೆದ್ದು ಕಬ್ಬಿನೊಳಗೆ ಮಾಯವಾದವು. ಕಾಕಾ ಎಲ್ಲರಿಗೂ ಕೈ ಬೀಸಿದ. ಎಲ್ಲರೂ ಕೈ ಮುಗಿದರು. ಒಬ್ಬ ರೈತ ಎಳನೀರು ಹಿಡಿದುಕೊಂಡು ನನ್ನ ಬಾಜೂ ಬಂದು, ಸಣ್ಣ ದನಿಯಲ್ಲಿ, "ಸಾಹೇಬ್ರಿಗೆ ಬೆಲ್ಲ ನಡೀತೈತೇನ್ರಿ?" ಎಂದು ಕೇಳಿದ.

ಆ ಸಂಜೆ ಕೌಜಲಗಿ ಕಡೆ ಕಾಲುವೆಯ ತುದಿಯ ಹೊಲಗಳಿಗೆ ಎಷ್ಟೋ ವರ್ಷಗಳ ಮೇಲೆ ನೀರು ಹರಿಯಿತಂತೆ. ವಾರ ಕಳೆಯುವುದರೊಳಗೆ ಆ ರೈತರು ವಿಳಾಸ ಹುಡುಕಿಕೊಂಡು ಅಂಗಡಿಗೇ ಬಂದು ಕಾಕಾನಿಗೆ ಶಾಲು ಹೊದಿಸಿ, ಸಾಹೇಬರು ನೀರಿನ ಪಾಳಿಗೊಮ್ಮೆ ಹೀಗೇ ಬಂದು ಹೋಗಬೇಕು, ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕುಳಿತರೆ ಸಾಕು ಎಂದು ಬೇಡಿಕೊಂಡರು. ಕಾಕಾ ಒಪ್ಪುವವನೇ ಇದ್ದ. ದಂಡೆಯುದ್ದಕ್ಕೂ ಕೈ ಮುಗಿಯುವ ಮಂದಿಯ ಮುಂದೆ ತಾನು ಬೋಟು ಹತ್ತುವುದಿಲ್ಲ ಎಂದು ಕಾಕು ಹೇಳಿದ್ದರಿಂದ ಕಾಲುವೆಯೂ ಹೋಯಿತು.

ಪಂಚಮಿ ಹತ್ತಿರ ಬಂತು. ಕಾಕಾನ ಮುಖ ಸಣ್ಣದಾಗತೊಡಗಿತು. ಆಗ ನಿಡಸೋಸಿಯ ಹತ್ತಿರ ಅವನ ಗೆಳೆಯರೊಬ್ಬರ ಕೃಷಿ ಹೊಂಡ ನೆನಪಾಯಿತು. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆ, ರಾಡಿ ಇಲ್ಲ. ಸುತ್ತ ತಂತಿ ಬೇಲಿ ಇದೆ, ಮಂದಿ ಇಲ್ಲ. ಗೆಳೆಯರು ಕೀಲಿ ಕೊಟ್ಟು ಮದುವೆಗೆ ಹೋದರು. ಬೋಟನ್ನು ಹಾಳೆಯ ಮೇಲಿಟ್ಟು ನಾವಿಬ್ಬರೂ ಕೂತದ್ದೊಂದೇ ಗೊತ್ತು, ಸರ್ರನೆ ಜಾರಿ ಹೊಂಡದ ನಡುವೆ ಇದ್ದೆವು! ಇಷ್ಟು ಸಲೀಸಾದ ಜಾಗ ಸುತ್ತಲ ಮೂರು ತಾಲೂಕಿನಲ್ಲಿ ಇಲ್ಲ ಎಂದು ಕಾಕಾ ಹಿಗ್ಗಿದ.

ಹುಟ್ಟು ಹಾಕುವವನು ಹೋಗುವ ಕಡೆಗೆ ಬೆನ್ನು ಮಾಡಿ ಕೂರಬೇಕು ಎಂದು ಬೋಟಿನ ಡಬ್ಬಿಯ ಮೇಲೆ ಚಿತ್ರವೇ ಇದೆ. ಎಲ್ಲಿಗೆ ಹೋಗುತ್ತೇನೆಂದು ನೋಡದೆ ಹೋಗಲು ತಾನೇನು ಹುಚ್ಚನೇ ಎಂದು ಕಾಕಾನ ವಾದ. ಹಾಗಾಗಿ ಮುಂದೆ ನೋಡುತ್ತ ಹುಟ್ಟು ಎಳೆದ, ನಾವು ಹಿಂದೆ ಹಿಂದೆ ಹೋದೆವು. ಅಂತೂ ಅಂಚು ಮುಟ್ಟಿ ಹತ್ತಲು ಹೋದರೆ, ಪಾಚಿ ಕಟ್ಟಿದ ಹಾಳೆ ಕಾಲು ಊರಲು ಬಿಡುತ್ತಿಲ್ಲ, ಕಾಲು ಜಾರಿದಾಗಲೆಲ್ಲ ಬೋಟು ಗಿರಗಿರನೆ ತಿರುಗುತ್ತಿದೆ! ಇಳಿಯುವ ಜಾಗ ಹುಡುಕಿದರೆ ಸಾಲದು, ಹತ್ತುವ ಜಾಗವನ್ನೂ ಹುಡುಕಬೇಕು ಎಂಬ ಜ್ಞಾನ ನಮಗೆ ಉದಯಿಸಿದ್ದು ಅಲ್ಲಿಯೇ. ಕೂಗಿ ಕೂಗಿ ಸಾಕಾದ ಮೇಲೆ ದಾರಿಯಲ್ಲಿ ಹೋಗುತ್ತಿದ್ದ ಕಾಲೇಜು ಹುಡುಗರು ಬಂದರು. ಮೊದಲು ವಿಡಿಯೊ ಮಾಡಿಕೊಂಡರು, ಆಮೇಲೆ ಹಗ್ಗ ಎಸೆದರು. ಈಗಿನ ಕಾಲದ ಕ್ರಮವೇ ಅದಲ್ಲವೇ?

ನಾವು ಗೋಕಾಕ ಮುಟ್ಟುವ ಮೊದಲೇ ವಿಡಿಯೊ ಕಾಕುವಿನ ಫೋನು ಮುಟ್ಟಿತ್ತು. ಟೊಪ್ಪಿಗೆಯ ಗಂಡ ಗಿರಗಿರನೆ ತಿರುಗುವುದನ್ನು ಅವಳು ಮತ್ತೆ ಮತ್ತೆ ನೋಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಧೋತರ ತೋಯಿಸಿಕೊಂಡು ಬಾಗಿಲಲ್ಲಿ ನಿಂತ ಅವನನ್ನು ಕಂಡಾಗ ನಗು ನಿಂತಿತು.

"ಜಾಗ ಸಿಗವಲ್ದಂತ ಇಷ್ಟೆಲ್ಲಾ ಮಾಡಾಕತ್ತೀರೇನು? ನಮ್ಮೂರಿಗೆ ರಸ್ತೆ ಐತೆಲ್ಲಾ."

ಅದು ನೀರೊಳಗೆ ಹೋಗಿ ಎಷ್ಟು ಕಾಲವಾಯಿತು ಎಂದ ಕಾಕಾ.

"ನೀರಾಗಿಂದು ನೀರಾಗೈತಿ. ಮ್ಯಾಲಿಂದು ಎಲ್ಲಿ ಹೋಗತೈತಿ?"

ನಾವು ಫೋನಿನಲ್ಲಿ ನಕಾಶೆ ತೆರೆದು ಊರೂರು ಹುಡುಕಿದವರು. ಕಾಕುವನ್ನು ಒಮ್ಮೆಯೂ ಕೇಳಿರಲಿಲ್ಲ!

ಪಂಚಮಿಯ ದಿನ ಹುಕ್ಕೇರಿ ದಾಟಿ, ಅವಳು ಹೇಳಿದಲ್ಲಿ ಕಾರು ಹೊರಳಿಸಿದೆ. ಜಾಲಿ ಕಂಟಿಗಳ ನಡುವೆ ಹಳೆಯ ಖಡೀಕಲ್ಲಿನ ರಸ್ತೆ. ಇಳಿಯುತ್ತ ಇಳಿಯುತ್ತ ಅದು ಹಾಗೇ ನೀರೊಳಗೆ ಹೋಗುತ್ತದೆ. ನೀರು ಏರಲಿ, ಇಳಿಯಲಿ, ರಸ್ತೆ ಎಲ್ಲೋ ಒಂದು ಕಡೆ ಅದನ್ನು ಮುಟ್ಟಿಯೇ ಮುಟ್ಟುತ್ತದೆ. ರಾಡಿ ಇಲ್ಲ, ಮಂದಿ ಇಲ್ಲ. ಕಾಕು ಹೊಸ ಇಳಕಲ್ ಸೀರೆಯ ಅಂಚು ತೋಯದಂತೆ, ಬಸ್ಸು ಹತ್ತಿದಷ್ಟು ಸಲೀಸಾಗಿ, ಬೋಟು ಹತ್ತಿ ಕುಳಿತಳು. ಕಾಕಾ ಈ ಸಲ ಚಿತ್ರದಲ್ಲಿ ಇದ್ದಂತೆಯೇ ಬೆನ್ನು ಮಾಡಿ ಕುಳಿತ. ನಾನು ಮೂರನೆಯ ಜಾಗದಲ್ಲಿ ಮುದುಡಿಕೊಂಡೆ.

ದಾರಿ ಹೇಳಿದ್ದು ಕಾಕು. ಅದೂ ಹೇಗೆ! ಇಲ್ಲಿ ಹನುಮಪ್ಪನ ಗುಡಿ, ಇಲ್ಲಿ ಸಾಲೆ, ಇನ್ನು ಎಡಕ್ಕೆ ಹೊರಳಿಸಿ ಎನ್ನುತ್ತಿದ್ದಳು. ಕಾಕಾ ಒಮ್ಮೆ ನೆಟ್ಟಗೆ ಎಳೆಯಲು ಹೋದ.

"ಮಂದಿ ಮನಿ ಮ್ಯಾಲಿಂದ ಹೋಗಬ್ಯಾಡ್ರಿ. ಓಣಿ ಹಿಡದ ಹೋಗ್ರಿ" ಎಂದಳು.

ನೀರಿನ ಮೇಲೆ ನಾವು ಓಣಿ ಹಿಡಿದು ಹೋದೆವು. ಒಂದು ಕಡೆ ಅವಳು ಕೈ ಎತ್ತಿದಳು, ಕಾಕಾ ನಿಲ್ಲಿಸಿದ. ಸುತ್ತ ಬರೀ ನೀರು. ಅವಳು ಬಾಗಿ ನೀರು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಆಗ ಕಾಕಾ ಕಾಲ ಹತ್ತಿರ ಇಟ್ಟುಕೊಂಡಿದ್ದ ಚೀಲವನ್ನು ನನ್ನ ಕೈಗೆ ಕೊಟ್ಟ. ಬಿಚ್ಚಿದರೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಕುಂಕುಮದ ಭರಣಿ, ಅಂಗಡಿಯಲ್ಲೇ ಚಲೋದೆನ್ನುವ ಕುಬಸದ ಖಣ. ಹೆಣ್ಣುಮಗಳನ್ನು ತವರಿನಿಂದ ಕಳಿಸುವಾಗ ಮನೆಯ ಹೆಂಗಸರು ಅವಳ ಸೆರಗಿನಲ್ಲಿ ಉಡಿ ತುಂಬುವ ಸಾಮಾನು.

"ಗಂಡಸರು ಉಡಿ ತುಂಬಂಗಿಲ್ಲವ್ವಾ" ಎಂದ ಕಾಕಾ. "ತವರಿಗೆ ಕರ್ಕೊಂಡು ಬಂದು ಬರೀ ಉಡೀಲೆ ಹೆಂಗ ಕರ್ಕೊಂಡು ಹೋಗ್ಲಿ?"

ಮೂರನೆಯ ಜಾಗ ಯಾರಿಗೆಂದು ನನಗೆ ಆಗ ತಿಳಿಯಿತು. ಇಷ್ಟು ದಿನ ಅವನನ್ನು ನೋಡಿ ನಕ್ಕಿದ್ದಕ್ಕೆಲ್ಲ ಸೇರಿಸಿ ನನಗೆ ಅಳು ಬಂತು. ಕಾಕು ಸೆರಗು ಒಡ್ಡಿದಳು. ಅವಳ ಅವ್ವನ ಮನೆಯ ಮೇಲೆ, ಅಲುಗುವ ಬೋಟಿನಲ್ಲಿ ಮೊಣಕಾಲೂರಿ, ಕುಂಕುಮ ಹಚ್ಚಿ ಒಂದು ಕಾಳೂ ಚೆಲ್ಲದಂತೆ ಉಡಿ ತುಂಬಿದೆ. ಮರಳುವಾಗ ಅವಳು ಹಿಂತಿರುಗಿ ನೋಡಲಿಲ್ಲ. ಬೆನ್ನು ಮಾಡಿ ಹುಟ್ಟು ಹಾಕುತ್ತಿದ್ದ ಕಾಕಾ ಮಾತ್ರ, ನೀರಿಗೆ ಹೆದರುವ ನಮ್ಮ ಕಾಕಾ, ದಂಡೆ ಬರುವವರೆಗೂ ಆ ನೀರನ್ನೇ ನೋಡುತ್ತಿದ್ದ.

ಸಂಜೆ ಓಣಿಯಲ್ಲಿ ಕಾರು ನಿಂತಾಗ ಎದುರುಮನೆಯವಳು ಕಾಕುವಿನ ತುಂಬಿದ ಉಡಿ ನೋಡಿ, ಎಲ್ಲಿಂದ ಬರುತ್ತಿದ್ದೀರಿ ಎಂದು ಕೇಳಿದಳು.

"ತವರಮನಿಗೆ ಹೋಗಿದ್ನಿ" ಎಂದಳು ಕಾಕು, ಬಸ್ಸು ಇಳಿದು ಬಂದವಳ ಹಾಗೆ.