ಚೆಕರಣ್ಣನ ಕೈ ಹಿಡಿದು ಕೂತ ಮಹನೀಯರಿಗೆ

ನನ್ನ ಎಡ ಎದೆಯ ಗಡ್ಡೆಯಲ್ಲಿ ಠಿಕಾಣಿ ಹೂಡಿ, ಬಾಡಿಗೆಯ ಮಾತೇ ಎತ್ತದೆ, ಈಸ್ಟ್ರೊಜೆನ್ ಹಾರ್ಮೋನನ್ನು ಮಡಿಲಲ್ಲಿ ಕೂರಿಸಿಕೊಂಡು ಜೀವಕೋಶಗಳ ಏಳಿಗೆಗಾಗಿ ಹಗಲಿರುಳು ದುಡಿಯುತ್ತಿರುವ ಶ್ರೀಮಾನ್ ಈಸ್ಟ್ರೊಜೆನ್ ರಿಸೆಪ್ಟರ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ಲ್ಯಾಬಿನ ವರದಿಯಿಂದ ತಿಳಿಯಿತು. ನೂರಕ್ಕೆ ತೊಂಬತ್ತು ಕೋಶಗಳಲ್ಲಿ ತಾವೇ ವಿರಾಜಮಾನರಂತೆ. ನಮ್ಮ ವಾರ್ಡಿನಲ್ಲಿ ಯಾವ ಅಭ್ಯರ್ಥಿಗೂ ಇಂಥ ಬಹುಮತ ಬಂದದ್ದಿಲ್ಲ, ಅಭಿನಂದನೆಗಳು.

ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೊನೆಯ ಟೇಬಲ್ಲಿನ ಚೆಕರ್. ಹೊಲಿಗೆ ಬಿಟ್ಟ, ತೋಳು ತಿರುಗಿದ ಅಂಗಿ ಬಂದರೆ ಲೈನ್ ನಿಲ್ಲಿಸಿ ರಿಪೇರಿಗೆ ಕಳಿಸುವುದು, ರಿಪೇರಿಯಾಗದ್ದನ್ನು ಕತ್ತರಿಸಿ ಎಸೆಯುವುದು ನನ್ನ ಕೆಲಸ. ಕೋಶದೊಳಗೂ ಇದೇ ಕೆಲಸಕ್ಕೆ ಪಿ-53 ಎಂಬ ಪ್ರೋಟೀನ್ ಇದೆಯೆಂದು ಡಾಕ್ಟರಮ್ಮ ಹೇಳಿದಾಗ ಕಳೆದುಹೋದ ಅಣ್ಣ ಸಿಕ್ಕಷ್ಟು ಖುಷಿಯಾಯಿತು. ಹಾಗಾದರೆ ಗಡ್ಡೆ ಬೆಳೆಯುವಾಗ ಅಣ್ಣ ಗೊರಕೆ ಹೊಡೆಯುತ್ತಿದ್ದನೇ ಎಂದು ರೇಗಿದೆ. ಪಾಪ, ಅವನು ಗಟ್ಟಿಮುಟ್ಟಾಗಿ ಎಚ್ಚರವಾಗಿಯೇ ಇದ್ದನಂತೆ. ತಾವು ಹೋಗಿ ಅಂಟಿಕೊಂಡು ಕೂತದ್ದರಿಂದ ಏಳಲಾಗಲಿಲ್ಲವಂತೆ.

ಆಹಾ, ಈ ವಿದ್ಯೆ ನನಗೆ ಹೊಸದಲ್ಲ! ನಾವು ಬೆನ್ನ ಹಿಂದೆ 'ಸಕ್ಕರೆ' ಎಂದು ಕರೆಯುವ ನಮ್ಮ ಲೈನ್ ಸೂಪರ್‌ವೈಸರ್, ಟಾರ್ಗೆಟ್ ಮುಗಿಯದ ದಿನ ನನ್ನ ಟೇಬಲ್ಲಿಗೆ ಮೊಣಕೈ ಊರಿ "ಅಕ್ಕಾ, ಮಗಳು ಹೇಗಿದಾಳೆ? ನೀವ್ಯಾಕೆ ಇಷ್ಟು ಸೊರಗಿದೀರಿ?" ಎಂದು ಬೆಣ್ಣೆ ಹಚ್ಚುತ್ತಾನೆ, ಅಷ್ಟರಲ್ಲಿ ಎರಡು ಸೊಟ್ಟ ಕಾಲರು ದಾಟಲಿ ಎಂದು. ಆದರೆ ಅವನು ಟೀ ಮುಗಿದರೆ ಹೋಗುತ್ತಾನೆ. ವರ್ಷಗಟ್ಟಲೆ ಕೈ ಬಿಡದ ತಮ್ಮ ಮುಂದೆ ಅವನಿನ್ನೂ ಕೂಸು, ಸ್ವಲ್ಪ ಟ್ರೇನಿಂಗ್ ಕೊಡುವಿರಾ?

ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳಿವೆ. ಅಣ್ಣನ ಜೊತೆ ಹರಟಲೇಬೇಕಿದ್ದರೆ ಊಟದ ಬಿಡುವಿನಲ್ಲಿ ಹರಟಿ. ಏನನ್ನಾದರೂ ಬೆಳೆಸಿಯೇ ತೀರುವ ಹಟವಿದ್ದರೆ ನನ್ನ ಕೂದಲು ಬೆಳೆಸಿ, ಅದು ಹುಟ್ಟಿದಾಗಿನಿಂದ ಹೆಗಲು ದಾಟಿಲ್ಲ. ಹಾಗೆಯೇ ಈವರೆಗೆ ಬೆಳೆಸಿದ ಗಡ್ಡೆಯನ್ನು ಬಂದ ದಾರಿಯಲ್ಲೇ ವಾಪಸು ಕರೆದೊಯ್ದರೆ ಗೇಟಿನವರೆಗೂ ಬಂದು ಬೀಳ್ಕೊಡುತ್ತೇನೆ.

ತಾವು ಒಪ್ಪಲಾರಿರೆಂದೇ ಡಾಕ್ಟರಮ್ಮ ಆಪರೇಷನ್ನಿಗೆ ಮೊದಲು ಮಾತ್ರೆ ಬರೆದಿದ್ದಾರೆ. ಅದು ತಮ್ಮ ಮಡಿಲಲ್ಲಿ ಹಾರ್ಮೋನ್ ಕೂರಬೇಕಾದ ಜಾಗದಲ್ಲಿ ಟವೆಲ್ ಹಾಕಿ ಕೂತುಬಿಡುತ್ತದಂತೆ, ತಮ್ಮ ಹಿಡಿತ ಸಡಿಲಿ ಅಣ್ಣ ಮೈ ಕೊಡವಿ ಏಳುವನಂತೆ. ಏಳಲೇಬೇಕು ಮಾನ್ಯರೇ. ಮಗಳಿಗೆ ಹೆರಿಗೆ ಹತ್ತಿರ ಬಂದಿದೆ. ಮೊಮ್ಮಗುವಿನ ಮೊದಲ ಅಂಗಿಯನ್ನು ಒಳಹೊರಗು ಮಾಡಿ ನೋಡುವುದಕ್ಕಷ್ಟೇ ಅಲ್ಲ, ಆ ಮಗು ನನಗೇ ಎದುರುತ್ತರ ಕೊಡುವಷ್ಟು ದೊಡ್ಡದಾಗುವವರೆಗೂ ನಾನು ಇರಬೇಕು. ನನಗೆ ಬದುಕಲು ತುಂಬಾ ಆಸೆ.

ತಮ್ಮ ಕುರ್ಚಿ ಖಾಲಿಯಾಗುವುದನ್ನೇ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಕೊನೆಯ ಟೇಬಲ್ಲಿನ ಚೆಕರ್

ತಾ.ಕ.: ಮಾತ್ರೆ ಮೈಗೆ ಹತ್ತಿದರೆ ಇದ್ದಕ್ಕಿದ್ದಂತೆ ಸೆಕೆ ಏಳಬಹುದೆಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಈಗಷ್ಟೇ, ಫ್ಯಾನಿನ ಕೆಳಗೇ, ನನ್ನ ಮುಖ ಧಗಧಗ ಉರಿಯಿತು. ವರದಿ ಬಂದಾಗಿನಿಂದ ಹೆದರಿಕೆಗೆ ತಣ್ಣಗಾಗಿದ್ದ ಕೈಕಾಲು ಬೆಚ್ಚಗಾದವು. ನಮ್ಮನೆಯವರು ಗಾಬರಿಯಾಗಿ ಬೆವರು ಒರೆಸುತ್ತಿದ್ದರೆ ನನಗೆ ನಗು ತಡೆಯಲಾಗಲಿಲ್ಲ. ಯಾರನ್ನೋ ಕುರ್ಚಿಯಿಂದ ಎಬ್ಬಿಸುತ್ತಿದ್ದಾರೆ, ದಿನಾ ಹೀಗೇ ಉರಿಯಲಿ ಬಿಡಿ ಎಂದೆ.