ರಿಲೀವ್ ಎಂಬ ಹಗುರವಾದ ಪದ

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆನೆಗಿಂತ ಇಂಗ್ಲಿಷ್ ಪದಗಳ ಭಯವೇ ಹೆಚ್ಚು. ನಮ್ಮ ಬಣಕಲ್ ಕಡೆ ಆನೆ ಬಂದರೆ ಆನೆಯಾಗಿಯೇ ಬರುತ್ತದೆ. ಇಂಗ್ಲಿಷ್ ಪದ ಹಾಗಲ್ಲ, ಒಳಗೆ ಯಾವ ಅರ್ಥ ಕೂತಿದೆಯೋ ಹತ್ತಿರ ಬರುವವರೆಗೆ ಗೊತ್ತಾಗುವುದಿಲ್ಲ. ನನ್ನ ಕೆಲಸದ ಹೆಸರನ್ನೇ ನೋಡಿ. ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಇಪ್ಪತ್ತಾರು ವರ್ಷಗಳಿಂದ ಬರೆದದ್ದೆಲ್ಲ ಆಳುಗಳ ಹಾಜರಿ.

ಕಳೆದ ಶುಕ್ರವಾರ ಬೆಳಿಗ್ಗೆ ಸಾಹುಕಾರರ ಮಗಳು ವಾಟ್ಸಾಪಿನಲ್ಲಿ ಒಂದು ಸಾಲು ಕಳಿಸಿದರು. ಈ ವರ್ಷದಿಂದ ತೋಟ ನೋಡಿಕೊಳ್ಳುವವರು ಅವರೇ, ನಮಗೆಲ್ಲ ಅಮ್ಮಾವ್ರು. 'ರೈಟ್ರೇ, ಸೋಮವಾರದಿಂದ ನಿಮ್ಮನ್ನ ರಿಲೀವ್ ಮಾಡ್ತಿದ್ದೀನಿ.' ನನ್ನನ್ನು ತೆಗೆದೇಬಿಟ್ಟರು ಎಂದುಕೊಂಡೆ. ಕೆಲಸ ಹೋದರೆ ಎಸ್ಟೇಟಿನ ಮನೆಯನ್ನೂ ಬಿಡಬೇಕು. ಆ ಪದ ನನಗೆ ಚೆನ್ನಾಗಿ ಗೊತ್ತು. ಕೈಲಾಗದೆ ಹೋದವರನ್ನು ಕೆಲಸದಿಂದ ಬಿಡಿಸಿದಾಗ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ನಾನು ಬರೆಯುವುದೇ 'ರಿಲೀವ್ಡ್' ಎಂದು. ಎರಡು ವರ್ಷದ ಹಿಂದೆ ಹಣ್ಣು ಕೊಯ್ಯುತ್ತಿದ್ದ ಬೊಮ್ಮಿಯ ಹೆಸರಿನ ಮುಂದೆ ಬರೆದಾಗ, ಅದೇನೆಂದು ಆಕೆ ಕೇಳಿದ್ದಳು. ಇನ್ನು ಆರಾಮಾಗಿರು ಎಂದರ್ಥ ಎಂದಿದ್ದೆ.

ಹೆಂಡತಿ, "ಫೋನ್ ಮಾಡಿ ಕೇಳಬಾರ್ದಾ ಮಾರಾಯ್ರೆ?" ಎಂದಳು. ಕೇಳಿದರೆ ಹೇಳಿಬಿಡುತ್ತಾರಲ್ಲ, ಅದೇ ಭಯ! ನೆಟ್‌ವರ್ಕ್ ಇಲ್ಲ ಎಂದು ಸುಳ್ಳು ಹೇಳಿ, ಕಿಟಕಿ ಬಡಿಯದಂತೆ ಅಡ್ಡ ಇಟ್ಟಿದ್ದ ಹಳೆಯ ನಿಘಂಟನ್ನು ತೆಗೆದೆ. ಮೂಲ ಲ್ಯಾಟಿನ್ ಅಂತೆ, ಮೇಲೆತ್ತು, ಹಗುರ ಮಾಡು ಎಂದು. ಮುಂದೆ ನೋವು ತಗ್ಗಿಸು ಎಂದಿತ್ತು. ಸ್ವಲ್ಪ ಉಸಿರು ಬಂತು. ಅದರ ಕೆಳಗೇ ಕೆಲಸದಿಂದ ಬಿಡಿಸು ಎಂದಿತ್ತು. ಬಂದ ಉಸಿರು ಹೋಯಿತು. ಕೊನೆಯಲ್ಲಿ ಮೂತ್ರ ವಿಸರ್ಜಿಸು ಎಂಬ ಅರ್ಥವೂ ಇತ್ತು. ಆ ಮೂರು ದಿನ ನನಗೆ ಪದೇ ಪದೇ ಅನ್ವಯಿಸಿದ್ದು ಅದೊಂದೇ. ಭಾನುವಾರ ಹೆಂಡತಿ ಅಟ್ಟದಿಂದ ಟ್ರಂಕು ಇಳಿಸಿದಾಗ ಅಳುವೇ ಬಂತು.

ಸೋಮವಾರ ಹಾಜರಿ ಪುಸ್ತಕ ಹಿಡಿದು ಹೋದೆ. ಕಾಫಿ ಹಣ್ಣು ತೂಗುವ ಜಾಗದಲ್ಲಿ ಒಂದು ಹೊಸ ಕುರ್ಚಿ ಇತ್ತು. ಅಮ್ಮಾವ್ರು, ನಿಮ್ಮ ಮಂಡಿನೋವು ನೋಡಲಾಗದು, ಇನ್ನು ನಿಂತು ತೂಗುವ ಕೆಲಸ ಮೇಸ್ತ್ರಿಯದು, ನೀವು ಕೂತು ಬರೆದುಕೊಳ್ಳಿ ಎಂದು ಹೇಳಿ ಹೋದರು. ಕುರ್ಚಿಯಲ್ಲಿ ಕುಸಿದು, ಪದದ ಮೂಲ, ನನ್ನ ಹೆದರಿಕೆ ಎಲ್ಲವನ್ನೂ ಸುತ್ತಲಿದ್ದವರಿಗೆ ಹೇಳಿ ನಗಿಸಿದೆ.

ಸೊಸೆಗೆ ಬುತ್ತಿ ತಂದಿದ್ದ ಬೊಮ್ಮಿ ಕೋಲೂರಿಕೊಂಡು ಅಲ್ಲೇ ನಿಂತಿದ್ದಳು. ಆಕೆ ಮಾತ್ರ ನಗಲಿಲ್ಲ.

"ನಂಗೂ ಮಂಡಿನೋವೇ ಅಲ್ವಾ ರೈಟ್ರೇ? ನನ್ನ ಹೆಸರಿನ ಮುಂದೂ ಅದೇ ಪದ ಬರ್ದಿದ್ರಿ," ಎಂದಳು. "ನನ್ನ ಕುರ್ಚಿ ಎಲ್ಲಿ?"

ಕಣದಲ್ಲಿ ಕೆಲಸವಿದೆ ಎಂದು ಹೇಳಿ ಎದ್ದುಬಿಟ್ಟೆ. ನಾನು ನಡೆದ ವೇಗವನ್ನು ಅಮ್ಮಾವ್ರು ಕಂಡಿದ್ದರೆ ಆ ಕುರ್ಚಿಯನ್ನು ಅವತ್ತೇ ಬೊಮ್ಮಿಗೆ ಕೊಡುತ್ತಿದ್ದರು.