ದೋಣಿ ಇದ್ದ ಜಾಗಕ್ಕೆ ಬಂದ ಡ್ರೋನ್

ಎಣಿಸಿಕೊಳ್ಳುವವರ ಸಹಕಾರವಿಲ್ಲದೆ ಯಾವ ಎಣಿಕೆಯೂ ನಡೆಯುವುದಿಲ್ಲ ಎಂಬುದು ನನ್ನ ಅನುಭವ. ಜನಗಣತಿಯವರು ಬಂದರೆ ನಾವು ಬಾಗಿಲು ತೆರೆದು ಹೆಸರು ಹೇಳುತ್ತೇವೆ. ಡಾಲ್ಫಿನ್‌ಗಳು ಹಾಗಲ್ಲ. ಇಲ್ಲಿ ಒಂದು ಮುಳುಗುತ್ತದೆ, ಸ್ವಲ್ಪ ಆಚೆ ಒಂದು ಏಳುತ್ತದೆ. ಮುಳುಗಿದ್ದೇ ಎದ್ದಿತೋ, ಬೇರೆಯದೋ ಎಂದು ವಿಚಾರಿಸುವ ಹಾಗಿಲ್ಲ. ಆದ್ದರಿಂದ ಡ್ರೋನ್ ಹಾರಿಸಿ, ಮೇಲಿನಿಂದ ವಿಡಿಯೊ ತೆಗೆದು, ಆಮೇಲೆ ನಿಧಾನವಾಗಿ ಎಣಿಸುವುದು ನನ್ನ ಸಂಶೋಧನೆ. ಅಮ್ಮ ಇದನ್ನು ನೆಂಟರಿಗೆ, ಅವಳು ಮೀನು ಲೆಕ್ಕ ಮಾಡುವುದು ಎಂದು ವಿವರಿಸುತ್ತಾರೆ. ಡಾಲ್ಫಿನ್ ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ ಎಂದು ನಾನು ತಿದ್ದಿದರೆ, ಊಟದ ಪದಾರ್ಥಕ್ಕೆ ಆಗದ್ದನ್ನು ಎಣಿಸಿ ಎಂತ ಪ್ರಯೋಜನ ಎನ್ನುತ್ತಾರೆ. ಈ ಪ್ರಶ್ನೆಗೆ ಪ್ರಬಂಧದಲ್ಲಿ ಇಡೀ ಅಧ್ಯಾಯ ಬರೆದಿದ್ದೇನೆ. ಅಮ್ಮನಿಗೆ ಹೇಳಲು ಮಾತ್ರ ಒಂದು ವಾಕ್ಯವೂ ಸಿಕ್ಕಿಲ್ಲ.

ಆ ಬೆಳಿಗ್ಗೆ ಉಳ್ಳಾಲದ ವಾಸಣ್ಣನ ದೋಣಿಯಲ್ಲಿ ಹೊರಟಿದ್ದೆ. ಮಳೆಗಾಲಕ್ಕೆ ಮುಂಚಿನ ಕೊನೆಯ ಹಾರಾಟ ಅದು. ನಮ್ಮ ವಿಭಾಗಕ್ಕೆ ಇರುವುದು ಒಂದೇ ಡ್ರೋನ್; ಅದು ನೀರಿಗೆ ಬಿದ್ದರೆ ನನ್ನ ಪಿಎಚ್.ಡಿ.ಯೂ ಅದರ ಜೊತೆಗೇ ಮುಳುಗುವುದು ಖಚಿತವಾಗಿತ್ತು. ದೋಣಿಯನ್ನು ಒಂದೇ ಕಡೆ ನಿಲ್ಲಿಸಿ ಎಂದು ವಾಸಣ್ಣನಲ್ಲಿ ಕೇಳಿಕೊಂಡಿದ್ದೆ, ಅವರು ತಲೆಯಾಡಿಸಿದ್ದರು. ಡ್ರೋನ್ ಹಾರಿತು, ಹಿಂಡೂ ಸಿಕ್ಕಿತು. ಅಷ್ಟರಲ್ಲಿ ದೂರದಲ್ಲಿ ಹಕ್ಕಿಗಳು ನೀರಿಗೆ ಎರಗತೊಡಗಿದವು. ಬಂಗುಡೆ ಮೀನು! ಬಂಗುಡೆ ಕಂಡೂ ನಿಂತಲ್ಲೇ ನಿಲ್ಲುವ ದೋಣಿ ಉಳ್ಳಾಲದಲ್ಲಿ ಇನ್ನೂ ತಯಾರಾಗಿಲ್ಲ. ಎಂಜಿನ್ ಚಾಲೂ ಆದದ್ದು ಗೊತ್ತಾಗಲಿಲ್ಲ ಎಂದು ಗೈಡ್‌ಗೆ ಹೇಳಿದ್ದೇನೆ. ನಿಜವೆಂದರೆ ಗೊತ್ತಾಯಿತು, ಬೇಡ ಎನ್ನಲು ಸಂಕೋಚವಾಯಿತು. ಅವರು ಬಲೆ ಬೀಸಿ, ಬಂಗುಡೆ ಎಳೆದು ಹಾಕುವ ಹೊತ್ತಿಗೆ ರಿಮೋಟ್ ಕಿರುಚತೊಡಗಿತು. ಬ್ಯಾಟರಿ ತಗ್ಗಿದರೆ ಡ್ರೋನ್ ತಾನಾಗಿ ಹೊರಟ ಜಾಗಕ್ಕೆ ಮರಳಿ ಇಳಿಯುತ್ತದೆ. ಹೊರಟ ಜಾಗದಲ್ಲಿ ಈಗ ಸಮುದ್ರ ಮಾತ್ರ ಇತ್ತು.

"ವಾಸಣ್ಣಾ, ಅದು ನಾವು ಮೊದಲು ಇದ್ದಲ್ಲಿಗೆ ಹೋಗಿ ಇಳೀತದೆ," ಎಂದೆ.

"ಅಲ್ಲಿ ನಾವು ಇಲ್ವಲ್ಲ ಟೀಚರೇ." ಕಾಲೇಜಿನ ಕಡೆಯವರೆಲ್ಲ ಅವರಿಗೆ ಟೀಚರೇ.

"ಅದಕ್ಕೆ ಗೊತ್ತಿಲ್ಲ."

"ಎಂತ ಮಾರಾಯ್ರೆ, ಸಾಕಿದ ನಾಯಿಯಾದ್ರೂ ಹಿಂದಿಂದ ಬರ್ತದೆ."

ದೋಣಿ ತಿರುಗಿತು. ಹೊಸ ಜಾಗವನ್ನು ಡ್ರೋನ್‌ಗೆ ತಿಳಿಸಲು ರಿಮೋಟಿನಲ್ಲೇ ವ್ಯವಸ್ಥೆ ಉಂಟು. ಅದು ನನಗೆ ನೆನಪಾದದ್ದು ಮರುದಿನ ಸ್ನಾನ ಮಾಡುವಾಗ. ನಾವು ತಲುಪುವಾಗ ಡ್ರೋನ್ ಅಲೆಗಳಿಗೆ ತೀರಾ ಹತ್ತಿರ ಬಂದಿತ್ತು. ನಾನು ದೋಣಿಯ ತುದಿಯಲ್ಲಿ ಎದ್ದು ನಿಂತು, ಎರಡೂ ಕೈ ಚಾಚಿ, ಅದರ ಕಾಲು ಹಿಡಿದು, ಹಿಂದಕ್ಕೆ ಬಂಗುಡೆಯ ರಾಶಿಯ ಮೇಲೆ ಬಿದ್ದೆ. ಡ್ರೋನ್ ಉಳಿಯಿತು.

ಮುಂದಿನ ವಾರ ವಿಭಾಗದವರೆಲ್ಲ ಕೂತು ವಿಡಿಯೊ ನೋಡಿದರು. ಡಾಲ್ಫಿನ್‌ಗಳು ಚೆನ್ನಾಗಿಯೇ ಬಂದಿದ್ದವು. ನಿಲ್ಲಿಸಲು ನಾನು ಮರೆತದ್ದರಿಂದ ವಿಡಿಯೊ ಮುಂದುವರಿಯಿತು. ಬರೀ ನೀರು, ಆಮೇಲೆ ದೋಣಿಯ ತುದಿ, ಆಮೇಲೆ ಬಾಯಿ ತೆರೆದು ಕೈ ಚಾಚಿದ ಏನೋ ಒಂದು ಪರದೆಯ ತುಂಬ ಎದ್ದು ಬಂತು. ಎಂದೂ ನಗದ ನನ್ನ ಗೈಡ್ ಅಲ್ಲಿಗೆ ವಿಡಿಯೊ ನಿಲ್ಲಿಸಿದರು.

"ಇದನ್ನು ಎಣಿಕೆಗೆ ಸೇರಿಸಿದ್ದೀರಾ?"

"ಇಲ್ಲ ಸರ್," ಎಂದೆ, ಪ್ರಶ್ನೆಗೆ ತಕ್ಕ ಗಾಂಭೀರ್ಯದಿಂದ. "ಅದು ನಮ್ಮ ಸರ್ವೆ ಗಡಿಯಿಂದ ಹೊರಗೆ ಉಂಟು."

ಎಲ್ಲರೂ ಯಾಕೆ ನಗುತ್ತಿದ್ದಾರೆಂದು ನಾನು ಕೂತ ಮೇಲೆ ಯೋಚಿಸಬೇಕಾಯಿತು.